ಆಚೆ ದಡದ ಊರುಗಳು

ನದಿಯ ದಡದಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಪುಟ್ಟಬಸವಯ್ಯ ಎಂಬ ಗುರು ಇಕನಾಮೆಟ್ರಿಕ್ಸ್ ಕಲಿಸುತ್ತಿದ್ದರು. ಜನರ ಬದುಕಿನಲ್ಲಿ ಯಾವುದರಿಂದ ಏನಾಗುತ್ತದೆ ಎಂದು ಅಂಕಿಗಳಲ್ಲಿ ಅಳೆದು ನೋಡುವ ವಿದ್ಯೆ ಅದು.

ತಾರಾಮಣಿ ಪಿಎಚ್.ಡಿ.ಗೆ ಅರ್ಜಿ ಹಾಕಿ ಸಂದರ್ಶನಕ್ಕೆ ಬಂದಳು. ಅವಳಿಗಿಂತ ಮೊದಲು ಬಂದವರು ಬೆಲೆ, ಬಡ್ಡಿ, ರಫ್ತು ಎಂದು ವಿಷಯ ಹೇಳಿ ಹೋಗಿದ್ದರು. ಹೆರಿಗೆಯಲ್ಲಿ ತಾಯಂದಿರು ಯಾಕೆ ಸಾಯುತ್ತಾರೆ ಎಂದು ತಿಳಿಯಬೇಕು ಎಂದಳು ಇವಳು.

“ಅದೇ ಯಾಕೆ?” ಎಂದು ಗುರು ಕೇಳಿದರು.

“ನಮ್ಮಕ್ಕ ಹಾಗೆ ಹೋದಳು ಸರ್. ಆಸ್ಪತ್ರೆ ಹತ್ತಿರವಿತ್ತು. ರಸ್ತೆ ಚೆನ್ನಾಗಿತ್ತು. ಕೈಯಲ್ಲಿ ದುಡ್ಡೂ ಇತ್ತು.”

ಗುರು ಅವಳನ್ನು ಸೇರಿಸಿಕೊಂಡರು.

ತಾರಾಮಣಿ ಈಚೆ ದಡದ ಊರೂರು ತಿರುಗಿದಳು. ಜಗಲಿಗಳ ಮೇಲೆ ಕೂತು ಕೇಳಿದಳು. ಹಿಂದಿರುಗಿ ಬಂದು ಸಮೀಕರಣ ಕಟ್ಟಿದಳು.

ಆಸ್ಪತ್ರೆಯ ದೂರ, ರಸ್ತೆ, ತಾಯಿಯ ವಯಸ್ಸು, ಮನೆಯ ವರಮಾನ. ಈ ನಾಲ್ಕು ಕಾರಣಗಳಿಂದ ಬಹಳಷ್ಟು ಸಾವುಗಳು ಅರ್ಥವಾದವು. ಆದರೂ ಪ್ರತಿ ಊರಿನ ಹೆಸರಿನ ಎದುರು ಒಂದಿಷ್ಟು ಉಳಿಯುತ್ತಿತ್ತು. ಕಾರಣ ಸಿಗದ ಆ ಪಾಲಿಗೆ ಉಳಿಕೆ ಎನ್ನುತ್ತಾರೆ. ಎಲ್ಲಕ್ಕಿಂತ ದೊಡ್ಡ ಉಳಿಕೆ ಇದ್ದದ್ದು ಅವಳದೇ ಊರಿನ ಎದುರು.

ಇಷ್ಟು ಸಾಕು, ಬರೆಯಲು ಕೂತುಕೋ ಎಂದರು ಗುರು. ಇನ್ನೂ ಸ್ವಲ್ಪ ಕಾಲ ಬೇಕು ಎಂದಳು ಅವಳು.

ಅವಳು ಐದನೆಯ ಕಾರಣ ಸೇರಿಸಿದಳು, ಆರನೆಯದು ಸೇರಿಸಿದಳು. ಆ ತಿಂಗಳ ಮಳೆ. ಬಾವಿ ನೀರಿನ ಉಪ್ಪು. ಸಂತೆಯ ವಾರ. ಹೆಂಚಿನ ಮನೆಗಳೆಷ್ಟು, ಎಮ್ಮೆಗಳೆಷ್ಟು. ಒಂದೊಂದು ಸೇರಿದಾಗಲೂ ಉಳಿಕೆ ತುಸು ಕರಗುತ್ತಿತ್ತು.

ಜೊತೆಯಲ್ಲಿ ಓದುತ್ತಿದ್ದ ಇಸ್ಮಾಯಿಲ್ ರೇಗಿಸಿದ. “ಏನಕ್ಕಾ, ನಿನ್ನ ಸಮೀಕರಣ ಸಂತೆ ದಿನದ ಬಸ್ಸಾಯಿತಲ್ಲ. ಎಮ್ಮೆಗೂ ಸೀಟು ಕೊಟ್ಟಿದ್ದೀಯ.”

ತಾರಾಮಣಿ ನಗಲಿಲ್ಲ. ಅವನೂ ಆಮೇಲೆ ರೇಗಿಸಲಿಲ್ಲ.

ಪ್ರಬಂಧ ಒಪ್ಪಿಸುವ ಗಡುವನ್ನು ಎರಡು ಸಲ ಮುಂದೂಡಿದ್ದಾಗಿತ್ತು. ಇನ್ನು ಮುಂದೂಡುವಂತಿರಲಿಲ್ಲ. ಈ ಸಲ ತಪ್ಪಿದರೆ ಪದವಿಯೂ ಇಲ್ಲ, ಮಾಡಿದ ಕೆಲಸವೂ ಇಲ್ಲ.

ಒಂದು ಬೆಳಿಗ್ಗೆ ಅವಳು ಓಡುತ್ತಾ ಬಂದಳು. ಎಲ್ಲ ಊರುಗಳ ಎದುರೂ ಉಳಿಕೆ ಸೊನ್ನೆಯಾಗಿತ್ತು. ಅವಳ ಊರಿನ ಎದುರೂ.

“ಈಗ ಎಲ್ಲಕ್ಕೂ ಕಾರಣ ಸಿಕ್ಕಿದೆ ಸರ್. ಸಹಿ ಹಾಕಿಕೊಡಿ.”

ಗುರು ಸಹಿ ಹಾಕಲಿಲ್ಲ. ಕಿಟಕಿಯಿಂದ ನದಿ ತೋರಿಸಿದರು. “ಆಚೆ ದಡದಲ್ಲೂ ಊರುಗಳಿವೆ. ಅಲ್ಲಿನ ಅಂಕಿಗಳು ನನ್ನ ಹತ್ತಿರ ಇವೆ. ನಿನ್ನ ಸಮೀಕರಣಕ್ಕೆ ಹಾಕಿ ನೋಡು.”

ಅವಳು ಅವರೆದುರೇ ಕೂತು ಹಾಕಿದಳು.

ಮೊದಲನೆಯ ಊರಿನಲ್ಲಿ, ಹೆತ್ತವರಿಗಿಂತ ಸತ್ತವರೇ ಹೆಚ್ಚು ಎಂದು ಬಂತು. ಎರಡನೆಯದರಲ್ಲಿ ಸತ್ತವರ ಸಂಖ್ಯೆ ಸೊನ್ನೆಗಿಂತ ಕಡಿಮೆ ಎಂದು ಬಂತು.

“ಇದರ ಪ್ರಕಾರ ಆ ಊರಲ್ಲಿ ಹೋದವರು ಎದ್ದು ಬಂದಿದ್ದಾರೆ,” ಎಂದರು ಗುರು.

ತಾರಾಮಣಿ ಪರದೆಯ ಕಡೆಗೇ ನೋಡುತ್ತಾ ಹೇಳಿದಳು:

“ನಮ್ಮೂರಲ್ಲಿ ಬರಲಿಲ್ಲ ಸರ್.”

ಗುರು ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟರು. ಅವಳು ಕುಡಿದ ಮೇಲೆ ಕೇಳಿದರು:

“ನೀನು ಆಮೇಲೆ ಸೇರಿಸಿದ ಕಾರಣಗಳು ಈಚೆ ದಡದ ಅಂಕಿಗಳಿಗಷ್ಟೇ ಹೊಂದುತ್ತವೆ. ನಾಳೆ ಯಾರೋ ನಿನ್ನ ಪ್ರಬಂಧ ಓದಿ, ಆ ದಡದಲ್ಲಿ ಆಂಬುಲೆನ್ಸ್ ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನ ಮಾಡುತ್ತಾರೆ. ಎಲ್ಲಿ ನಿಲ್ಲಿಸಲಿ?”

ಅವಳು ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡಳು. ಎಮ್ಮೆಗಳನ್ನು ತೆಗೆದಳು. ಹೆಂಚು, ಸಂತೆ, ಉಪ್ಪು, ಮಳೆ ತೆಗೆದಳು. ಮೊದಲಿನ ನಾಲ್ಕೇ ಕಾರಣಗಳು ಉಳಿದವು. ಆಚೆ ದಡದ ಊರುಗಳನ್ನು ಮತ್ತೆ ಹಾಕಿದಳು. ಈಗ ಬಂದ ಅಂಕಿಗಳು ನಿಜಕ್ಕೆ ಹತ್ತಿರವಿದ್ದವು. ಯಾವ ಊರಿಗೆ ಗಾಡಿ ಮೊದಲು ಹೋಗಬೇಕು ಎಂಬುದು ನೋಡಿದವರಿಗೆ ತಿಳಿಯುವಂತಿತ್ತು.

ಈಚೆ ದಡದಲ್ಲಿ ಉಳಿಕೆಗಳು ಹಿಂದಿರುಗಿ ಬಂದಿದ್ದವು. ಅವಳ ಊರಿನ ಎದುರು, ಮೊದಲಿದ್ದಷ್ಟೇ.

ಆಮೇಲಿನ ದಿನಗಳಲ್ಲಿ ಅವಳು ಬೇರೆ ಎಲ್ಲಿಗೂ ಹೋಗದೆ ಬರೆದಳು. ಇಸ್ಮಾಯಿಲ್ ಊಟ ತಂದಿಟ್ಟು ಹೋಗುತ್ತಿದ್ದ. ಗಡುವಿನ ಹಿಂದಿನ ದಿನ ಅವಳು ಪ್ರಬಂಧ ಹಿಡಿದು ಗುರುಗಳ ಬಳಿ ಬಂದಳು. ಎಲ್ಲ ಮುಗಿದಿತ್ತು. ಒಂದು ಕಡೆ ಮಾತ್ರ ಖಾಲಿ ಬಿಟ್ಟಿದ್ದಳು.

“ಇದೇನು?” ಎಂದರು ಗುರು.

“ನಮ್ಮೂರಿನ ಉಳಿಕೆ ಸರ್. ಇದು ಯಾಕೆ ಉಳಿಯಿತು ಎಂದು ಪರೀಕ್ಷಕರು ಕೇಳುತ್ತಾರೆ. ಏನು ಬರೆಯಲಿ?”

“ನಿನಗೆ ಗೊತ್ತೇ?”

“ಇಲ್ಲ ಸರ್.” ಖಾಲಿ ಜಾಗದ ಮೇಲೆ ಬೆರಳಿಟ್ಟಳು. “ಅದು ನಮ್ಮಕ್ಕ.”

ಗುರು ಮೊದಲ ಪುಟ ತೆರೆದು ಸಹಿ ಹಾಕಿದರು. ಆಮೇಲೆ ಖಾಲಿ ಬಿಟ್ಟ ಪುಟಕ್ಕೆ ಬಂದು, ಪೆನ್ನನ್ನು ಅವಳ ಕೈಗೆ ಕೊಟ್ಟರು.

“ಗೊತ್ತಿಲ್ಲ ಅಂತ ಬರಿ ತಾಯಿ. ಸೊನ್ನೆ ಅಂತ ಮಾತ್ರ ಬರೀಬೇಡ.”