ಅಳಿಸಿದ ಗೆಲಾಕ್ಸಿ

ನದಿ ದಂಡೆಯ ಸಂಶೋಧನಾಲಯವೊಂದರಲ್ಲಿ ಭಾಗೀರಥಿ ಮೇಡಂ ಎಂಬ ಗುರುಗಳಿದ್ದರು. ಬಹಳ ದೂರದ ಎಳೆಯ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಹುಟ್ಟುವ ಬಗೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು ಅವರ ವಿದ್ಯೆ.

ಅಲ್ಲಿ ಒಂದೇ ಕಟ್ಟುನಿಟ್ಟು. ಗೆಲಾಕ್ಸಿ ಕಟ್ಟಿ ಮುಗಿಯುವವರೆಗೆ, ದೂರದರ್ಶಕ ತೆಗೆದ ಅದರ ಚಿತ್ರವನ್ನು ಯಾರೂ ನೋಡಕೂಡದು.

ಶಿಷ್ಯ ತಿಪ್ಪೇಸ್ವಾಮಿ ನೋಡಿಬಿಟ್ಟ.

ಅವನು ಕಟ್ಟಿದ ಗೆಲಾಕ್ಸಿ ಮಂಕಾಗಿತ್ತು. ಚಿತ್ರದ್ದು ಝಗಮಗಿಸುತ್ತಿತ್ತು. ಹುಟ್ಟಿದ ನಕ್ಷತ್ರಗಳಿಂದ ಬಿರುಗಾಳಿ ಎದ್ದು, ಮುಂದೆ ನಕ್ಷತ್ರಗಳಾಗಬೇಕಾದ ಅನಿಲವನ್ನು ಚದುರಿಸಿಬಿಡುತ್ತದೆ. ಪುಣ್ಯಾತ್ಮ ಕಂಪ್ಯೂಟರಿನಲ್ಲಿ ಆ ಗಾಳಿಯನ್ನೇ ತಗ್ಗಿಸಿದ. ನಕ್ಷತ್ರಗಳು ಹೆಚ್ಚಿದವು. ಇನ್ನಷ್ಟು ತಗ್ಗಿಸಿದ. ಕೊನೆಗೂ ಚಿತ್ರಕ್ಕೆ ತಾಳೆಯಾಯಿತು. ಮೊದಲು ಕಟ್ಟಿದ್ದನ್ನು ಅಳಿಸಿಹಾಕಿದ.

ಮರುದಿನ ದೊಡ್ಡ ವಿದ್ವಾಂಸರ ಮುಂದೆ ಅವನ ಭಾಷಣ. ಅದರ ಹಿಂದಿನ ಸಂಜೆ ಬೀಗುತ್ತಾ ಗುರುಗಳ ಬಳಿ ಬಂದ. ಮೇಡಂ ನದಿಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

“ಮೇಡಂ, ನನ್ನ ಗೆಲಾಕ್ಸಿಗೂ ಚಿತ್ರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!”

“ಚಿತ್ರ ಯಾವಾಗ ನೋಡಿದೆ?”

“ಎಲ್ಲ ಮುಗಿದ ಮೇಲೆ, ಮೇಡಂ.” ಸುಳ್ಳು ಸಲೀಸಾಗಿ ಬಂತು.

“ದೂರದರ್ಶಕದವರು ಬೆಳಿಗ್ಗೆ ಫೋನ್ ಮಾಡಿದ್ರು. ಚಿತ್ರದಲ್ಲಿ ತಪ್ಪಾಗಿದೆಯಂತೆ. ನಮ್ಮ ಹತ್ತಿರದ್ದೇ ಒಂದು ನಕ್ಷತ್ರದ ಬೆಳಕು ಅದರಲ್ಲಿ ಸೇರಿಕೊಂಡುಬಿಟ್ಟಿದೆ. ನಿಜವಾದ ಗೆಲಾಕ್ಸಿ ಅದರ ಅರ್ಧದಷ್ಟೇ ಹೊಳೆಯೋದಂತೆ.”

ತಿಪ್ಪೇಸ್ವಾಮಿಯ ಮುಖ ಕಪ್ಪಿಟ್ಟಿತು. ಯಾರದ್ದೋ ಬೆಳಕಿಗೆ ಅವನ ಕಂಪ್ಯೂಟರು ನಕ್ಷತ್ರಗಳನ್ನು ಹೆತ್ತುಕೊಟ್ಟಿತ್ತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಮೊದಲು ಏನು ಬಂದಿತ್ತಪ್ಪಾ?”

“ಮಂಕಾಗಿತ್ತು ಮೇಡಂ. ಇದರ ಅರ್ಧದಷ್ಟು ಬೆಳಕು.”

“ಅದೆಲ್ಲಿ?”

“ಅಳಿಸಿಬಿಟ್ಟೆ.”

ಹೇಳಿದವನಿಗೆ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಸರಿಯಾದದ್ದನ್ನು ಕೈಯಾರೆ ಕೊಂದಿದ್ದ. ಅದೂ ಒಂದು ತಪ್ಪು ಚಿತ್ರಕ್ಕಾಗಿ. ಅದನ್ನು ಮುಚ್ಚಲು ಗುರುಗಳ ಮುಖ ನೋಡಿ ಸುಳ್ಳು ಬೇರೆ ಹೇಳಿದ್ದ.

ಮೇಡಂ ಸುಲಿದ ಕಾಳುಗಳನ್ನು ಅವನ ಅಂಗೈಗೆ ಹಾಕಿದರು. ಅವನಿಗೆ ತಿನ್ನಲಾಗಲಿಲ್ಲ.

“ನಾಳೆ ಎಲ್ಲರೆದುರು ತಪ್ಪೊಪ್ಪಿಕೊಳ್ತೀನಿ ಮೇಡಂ,” ಎಂದ, ತಲೆಯೆತ್ತದೆ. “ಮೊದಲಿನಿಂದ ಮತ್ತೆ ಕಟ್ತೀನಿ. ಈ ಸಲ ಯಾವುದನ್ನೂ ತಿದ್ದಲ್ಲ. ನಿಮ್ಮಾಣೆಗೂ ಅರ್ಧವೇ ಬರುತ್ತೆ, ನೋಡಿ.”

“ಬಂದೇ ಬರುತ್ತೆ,” ಎಂದರು ಗುರುಗಳು. “ಈಗ ನಿನಗೆ ಉತ್ತರ ಗೊತ್ತಿದೆಯಲ್ಲ.”