ಗಾಳಿಯ ಮಗ್ಗುಲು

ಕೃಷ್ಣೆಯ ಹಿನ್ನೀರಿನ ದಂಡೆಗೆ ಒಂದು ಹಳೇ ಮಠ. ಸ್ವಾಮಿಗಳು ತೀರಿಕೊಂಡ ಮೇಲೆ ಅಲ್ಲಿ ಉಳಿದದ್ದು ಒಂದು ಬೇವಿನ ಮರ ಮತ್ತು ಚನಮಲ್ಲಪ್ಪ ಮಾಸ್ತರು.

ಮಾಸ್ತರು ಕಲಿಸುತ್ತಿದ್ದದ್ದು ವೇದಾಂತವಲ್ಲ, ಸೈಕಲ್ ರೇಸು. ಜಪದ ಕಟ್ಟೆಯ ಮೇಲೆ ಗಾಲಿಗಳನ್ನು ನೇತುಹಾಕಿದ್ದರು. ಬೈಯುವವರು ಬೈದು ಸುಮ್ಮನಾದರು. ಗಾಲಿಗಳು ಅಲ್ಲೇ ಇದ್ದವು.

ಅವರ ಹತ್ತಿರ ಉಳಿದ ಶಿಷ್ಯರು ಇಬ್ಬರೇ. ಒಬ್ಬ ಯಲಗೂರೇಶ. ಇನ್ನೊಬ್ಬ ಮೀನು ಹಿಡಿಯುವವರ ಮನೆಯ ಮೈಬೂಬ. ಮಿಕ್ಕವರೆಲ್ಲ ಮಾಸ್ತರರ ಬಾಯಿಗೆ ಹೆದರಿ ಓಡಿಹೋಗಿದ್ದರು.

"ಮೊದಲ ಗಾಳಿ ಹೊರೂದು ಕಲೀರಿ," ಎನ್ನುತ್ತಿದ್ದರು ಮಾಸ್ತರು. "ಕಾಲು ತಾವ ಕಲೀತಾವ."

ಎದುರುಗಾಳಿಯಲ್ಲಿ ಮುಂದಿರುವವನು ಗಾಳಿಯನ್ನು ಎದೆಗೆ ತಗೊಳ್ಳುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡವನಿಗೆ ಅಷ್ಟು ಹಗುರ. ಮುಂದಿನವನು ದಣಿದರೆ ಸರಿಯುತ್ತಾನೆ, ಹಿಂದಿನವನು ಮುಂದೆ ಬರುತ್ತಾನೆ. ಯಾರು ಎಷ್ಟು ಹೊತ್ತರು ಎಂದು ಕೇಳುವ ಪದ್ಧತಿ ಆ ಮಠದಲ್ಲಿ ಇರಲಿಲ್ಲ.

ಒಂದು ದಿನ ಯಲಗೂರೇಶ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರ ತಂದ. ಸೈಕಲ್ಲಿನ ಕಂಪ್ಯೂಟರು. ಸೊಲ್ಲಾಪುರದ ಸೋದರಮಾವ ಕೊಟ್ಟದ್ದು. ಅದರ ಜೊತೆಗೆ ಎದೆಗೆ ಕಟ್ಟಿಕೊಳ್ಳುವ ಪಟ್ಟಿಯೂ ಇತ್ತು.

"ಗುರುಗಳ, ಸೈಕಲ್ ಹೊಡಿಯಾವಗ ಇದು ಬೇಕೇನ್ರೀ?"

"ಏನು ಹೇಳತೈತಿ ಅದು?"

"ಎಷ್ಟು ದೂರ ಹೋದಿ, ಎಷ್ಟು ಜೋರ ಹೋದಿ, ಎದಿ ಎಷ್ಟು ಬಡಕೊಳ್ಳಾಕತ್ತೈತಿ. ಎಲ್ಲಾ ಹೇಳತೈತ್ರೀ."

"ಯಾರ ಎದಿ?"

"ನಂದ್ರೀ."

ಮಾಸ್ತರು ಯಂತ್ರವನ್ನು ತಿರುಗಿಸಿ ನೋಡಿದರು. ಆಮೇಲೆ ತಾವೇ ಅದನ್ನು ಹ್ಯಾಂಡಲ್ಲಿಗೆ ಕೂಡಿಸಿ, ಸ್ಕ್ರೂ ಬಿಗಿದು ಕೊಟ್ಟರು.

ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗುರುಗಳ ಜಾತಿಯೇ ಹೀಗೆ. ಅಂದು ನೆಟ್ಟಗೆ ಒಂದು ಮಾತು ಹೇಳಿದ್ದರೆ ಈ ಕಥೆ ಹೇಳುವ ಕೆಲಸ ನನಗೆ ಬೀಳುತ್ತಿರಲಿಲ್ಲ.

ಯಂತ್ರಕ್ಕೆ ಒಂದು ಗುಂಡಿಯಿತ್ತು. ಮುಂದೆ ಬಂದಾಗ ಒತ್ತಿದರೆ, ಹಿಂದೆ ಸರಿದಾಗ ಮತ್ತೆ ಒತ್ತಿದರೆ, ತಾನು ಎಷ್ಟು ಹೊತ್ತು ಮುಂದಿದ್ದೆ ಎಂದು ತೋರಿಸುತ್ತಿತ್ತು. ಯಲಗೂರೇಶ ಮೊದಮೊದಲು ತಮಾಷೆಗೆ ಒತ್ತಿದ. ಆಮೇಲೆ ಅವನ ಬೆರಳು ತಾನೇ ಒತ್ತತೊಡಗಿತು.

ಅಭ್ಯಾಸದ ದಾರಿಯಲ್ಲಿ ಎರಡು ಭಾಗ. ಹೆದ್ದಾರಿಯಲ್ಲಿ ಪಡುವಣ ಗಾಳಿ ಮುಖಕ್ಕೇ ಬಡಿಯುತ್ತದೆ. ಅಲ್ಲಿ ಇಬ್ಬರೂ ಸರದಿಯ ಮೇಲೆ ಮುಂದೆ ಬರುತ್ತಿದ್ದರು. ಆಮೇಲೆ ಕಾಲುವೆಯ ದಂಡೆಯ ರಸ್ತೆ. ಅಲ್ಲಿ ಯಾವಾಗಲೂ ಯಲಗೂರೇಶನೇ ಅರ್ಧ ಗಾಲಿ ಮುಂದೆ. ಮೈಬೂಬ ಪಕ್ಕದಲ್ಲಿ ಸುಮ್ಮನೆ ಬರುತ್ತಿದ್ದ.

ಒಂದು ಸಂಜೆ ಯಲಗೂರೇಶ ಯಂತ್ರವನ್ನು ಗೆಳೆಯನ ಮುಖಕ್ಕೆ ಹಿಡಿದ.

"ನೋಡಲೇ. ಕಾಲವಿ ದಂಡಿ ಮ್ಯಾಲ ನೀ ಒಮ್ಮಿನೂ ಮುಂದ ಬಂದಿಲ್ಲ. ಎಲ್ಲಾ ನಾನ ಹೊತ್ತೀನಿ."

ಮೈಬೂಬ ಬಹಳ ಹೊತ್ತು ಆ ಪುಟ್ಟ ಪರದೆಯನ್ನು ನೋಡಿದ.

"ಹೌದು, ಬಂದಿಲ್ಲ," ಎಂದ.

ಅಷ್ಟೇ ಹೇಳಿ ಮನೆಗೆ ಹೋದ.

ಅದೇ ವಾರ ಮಾಸ್ತರರಿಗೆ ಕರೆ ಬಂತು. ರಾಜ್ಯದ ತಂಡದಲ್ಲಿ ಒಂದು ಜಾಗ ಇದೆ, ನಿಮ್ಮ ಹುಡುಗರಲ್ಲಿ ಒಬ್ಬನನ್ನು ಕಳಿಸಿ ಎಂದರು. ಹೋದವನಿಗೆ ಹಾಸ್ಟೆಲ್ಲು, ಹೊಟ್ಟೆ ತುಂಬ ಊಟ, ಮುಂದೊಂದು ನೌಕರಿ. ಉಳಿದವನಿಗೆ ಇದ್ದ ಊರೇ ಗತಿ.

ಮಾಸ್ತರು ಇಬ್ಬರನ್ನೂ ಬೇರೆ ಬೇರೆ ಕರೆದರು. ಮೊದಲು ಮೈಬೂಬನನ್ನು, ಆಮೇಲೆ ಯಲಗೂರೇಶನನ್ನು. ಕೇಳಿದ್ದು ಒಂದೇ ಪ್ರಶ್ನೆ.

"ಯಾರು ಹೋಗಬೇಕು?"

"ನಾನ್ರೀ," ಎಂದ ಯಲಗೂರೇಶ. "ಮೈಬೂಬನಕಿಂತ ಎರಡರಷ್ಟು ಗಾಳಿ ನಾ ಹೊತ್ತೀನಿ. ಬಾಯಿಮಾತಲ್ಲ, ಇದರಾಗ ಐತಿ ನೋಡ್ರಿ."

ಮಾಸ್ತರು ಯಂತ್ರದ ಕಡೆ ನೋಡಲಿಲ್ಲ.

"ಅವನಿಗೆ ತೋರಿಸಿದೇನು?"

"ತೋರಿಸೀನ್ರೀ."

"ಏನಂದ?"

"ಏನಂತಾನ್ರೀ. ಒಪ್ಪಿದ."

"ನಾನೂ ಅವನ್ನ ಕೇಳಿದೆ. ನಿನ್ನ ಹೆಸರ ಹೇಳಿದ."

ಯಲಗೂರೇಶನ ಮುಖ ಅರಳಿತು.

"ಮತ್ತೇನ್ರೀ ಗುರುಗಳ. ಲೆಕ್ಕ ಖರೇ ಐತಿ ಅಂತ ಅವನ ಹೇಳಿದಂಗಾತು."

ಮಾಸ್ತರು ಎದ್ದು ಪಂಚೆ ಕೊಡವಿಕೊಂಡರು.

"ಇಬ್ಬರೂ ಒಂದ ಹೆಸರ ಹೇಳಿದ ಮ್ಯಾಲ ನಂದೇನೈತಿ. ನೀನ ಹೋಗು."

ಮರುದಿನ ಮೈಬೂಬ ಬಂದದ್ದು ಅಭ್ಯಾಸಕ್ಕಲ್ಲ. ಸೈಕಲ್ಲು ಮಾಸ್ತರರದು. ಅದನ್ನು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಗೋಡೆಗೆ ಒರಗಿಸಿದ. ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಹೊರಟುಹೋದ.

ಮಾಸ್ತರು ತಡೆಯಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅಲ್ಲೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗೊತ್ತಿದ್ದ ಮನುಷ್ಯ ಹೀಗೆ ಕೈಕಟ್ಟಿ ಕೂರಬಾರದಿತ್ತು.

ಯಲಗೂರೇಶ ಒಬ್ಬನೇ ಅಭ್ಯಾಸಕ್ಕೆ ಹೊರಟ. ಹೆದ್ದಾರಿಯಲ್ಲಿ ಏದುಸಿರು ಬಂತು. ಅದು ಬರುತ್ತದೆಂದು ಅವನಿಗೆ ಗೊತ್ತಿತ್ತು, ಸರದಿಗೆ ಯಾರೂ ಇರಲಿಲ್ಲವಲ್ಲ. ಕಾಲುವೆಯ ದಂಡೆಗೆ ತಿರುಗಿದಾಗ ಅವನಿಗೆ ನಿಶ್ಚಿಂತೆಯಾಯಿತು. ಅಲ್ಲಿ ಮೈಬೂಬ ಏನೂ ಮಾಡಿದವನಲ್ಲ. ಅವನು ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ.

ತಿರುಗಿದ ಕೂಡಲೇ ಗಾಳಿ ಎಡಗಡೆಯಿಂದ ಬಂದು ಅಪ್ಪಳಿಸಿತು. ಸೈಕಲ್ಲು ಕಾಲುವೆಯ ಕಡೆ ಜಾರಿತು. ತಡೆದು ಹಿಡಿಯುವುದರಲ್ಲೇ ಅವನ ತೋಳು ಸೋತವು. ಪರದೆಯ ಮೇಲೆ ಎದೆಯ ಬಡಿತ ಏರುತ್ತ ಹೋಯಿತು, ವೇಗ ಇಳಿಯುತ್ತ ಬಂತು.

ಯಂತ್ರ ಕೆಟ್ಟಿದೆ ಎಂದುಕೊಂಡ. ಸೆಲ್ಲು ಬದಲಿಸಿ ಮರುದಿನ ಮತ್ತೆ ಹೋದ. ಅದೇ ಬಡಿತ, ಅದೇ ವೇಗ.

ಇಳಿದು ಕಾಲುವೆಯ ಕಟ್ಟೆಗೆ ಕೂತ. ಅಲ್ಲಿಗೆ ಬಂದಾಗೆಲ್ಲ ಮೈಬೂಬ ಹಿಂದಿನಿಂದ ಸರಿದು ಎಡಗಡೆಗೆ ಬರುತ್ತಿದ್ದದ್ದು ಅವನ ಕಣ್ಣಿಗೆ ಕಟ್ಟಿತು. ದಿನಾ ಎಡಗಡೆಗೇ. ಅಂಗಿ ಪಟಪಟ ಬಡಿದುಕೊಳ್ಳುತ್ತಿದ್ದದ್ದು ಅವನದು. ಯಲಗೂರೇಶನ ಅಂಗಿ ಮೈಗೆ ಅಂಟಿಕೊಂಡೇ ಇರುತ್ತಿತ್ತು.

ಮೈಬೂಬ ಅಲ್ಲಿ ಒಮ್ಮೆಯೂ ಮುಂದೆ ಬಂದಿರಲಿಲ್ಲ, ನಿಜ. ಗಾಳಿ ಅಲ್ಲಿ ಮುಂದಿನಿಂದ ಬರುತ್ತಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಲಗೂರೇಶ ಸೈಕಲ್ಲನ್ನು ಅಲ್ಲೇ ಕೆಡವಿ ಮೀನುಗಾರರ ಓಣಿಗೆ ಓಡಿದ.

ಮೈಬೂಬ ಹೊಳೆಯ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ. ತಲೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ನೀ ಗಾಳಿ ಕಡೆ ಇರತಿದ್ದಿ," ಎಂದ ಯಲಗೂರೇಶ.

"ಹೂಂ."

"ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಏನಂತ ಬಿಡಲಿ? ಇಷ್ಟು ದಿನ ನಾ ನಿನ್ನ ಕಾದೀನಿ, ಬರಕೊ ಅಂತಲೇನು?"

"ತಪ್ಪಾತು ಮೈಬೂಬ. ನಾಳೆ ಬಾ."

ಮೈಬೂಬ ಬಲೆಯ ಗಂಟೊಂದನ್ನು ಹಲ್ಲಿನಿಂದ ಬಿಡಿಸಿದ.

"ನಾ ಎಂದೂ ಎಣಿಸಿದಾವಲ್ಲ. ನೀ ಎಣಿಸಿ ತೋರಿಸಿದಿ ನೋಡು, ಅವತ್ತ ರಾತ್ರಿ ನಾನೂ ಎಣಿಸಿದೆ. ನಿಂದಕಿಂತ ನಂದ ಹೆಚ್ಚ ಬಂತು."

"ಅದನ್ನ ನಾನೂ ಹೇಳಾಕತ್ತೀನಿ."

"ನೀ ತಿಳಕೊಂಡಿಲ್ಲ. ಇನ್ನ ನಿನ್ನ ಬಾಜೂಕ ಬಂದರ ನಾ ಎಣಸಕೋತನ ಬರತೀನಿ. ಹಂಗ ಸೈಕಲ್ ಹೊಡಿಯಾಕ ನನಗ ಬರೂದಿಲ್ಲ."

ಮತ್ತೆ ಬಲೆಗೆ ತಲೆ ಬಗ್ಗಿಸಿದ. ಕೂರು ಎಂದು ಯಲಗೂರೇಶನಿಗೆ ಹೇಳಲಿಲ್ಲ.

ಮಠಕ್ಕೆ ಬಂದಾಗ ಮಾಸ್ತರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಯಲಗೂರೇಶ ಕಾಲುವೆಯಿಂದ ಸೈಕಲ್ಲನ್ನು ತಳ್ಳಿಕೊಂಡೇ ಬಂದಿದ್ದ.

"ಮೈಬೂಬ ಗಾಳಿ ಕಡೆ ಇರತಿದ್ದ. ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಅದನ್ನೂ ಕೂಡಿಸತಿದ್ದಿ. ಮುಂದ ಬಂದದ್ದು ಇಷ್ಟು, ಬಾಜೂಕ ಬಂದದ್ದು ಇಷ್ಟು ಅಂತ."

ಯಲಗೂರೇಶನಿಗೆ ಅಳು ಒತ್ತರಿಸಿ ಬಂತು.

"ನನ್ನ ಹೆಸರ ತಗೀರಿ ಗುರುಗಳ. ಅವನ್ನ ಕಳಿಸ್ರಿ."

"ನಿನ್ನೆ ನಾನ ಅವರ ಮನಿಗೆ ಹೋಗಿದ್ದೆ. ಕೈ ಮುಗದು ಕೇಳಿಕೊಂಡೆ. ಒಲ್ಲೆ ಅಂದ."

ಗುರು ಶಿಷ್ಯನಿಗೆ ಕೈ ಮುಗಿದರೂ ಆ ಕೈಗೆ ಬೆಲೆ ಸಿಗಲಿಲ್ಲ.

ಯಲಗೂರೇಶ ಹ್ಯಾಂಡಲ್ಲಿನಿಂದ ಯಂತ್ರವನ್ನು ಕಿತ್ತು, ಹೊಳೆಗೆ ಎಸೆಯಲು ಕೈ ಎತ್ತಿದ. ಮಾಸ್ತರು ಅವನ ಮಣಿಕಟ್ಟು ಹಿಡಿದರು. ಮುದುಕನ ಹಿಡಿತ ಇನ್ನೂ ಬಿಗಿಯಾಗಿತ್ತು.

"ಅದೇನು ಮಾಡೇತಿ? ಒಂದರ ಸುಳ್ಳ ಹೇಳೇತೇನು?"

"ಇಲ್ರೀ."

ಮಾಸ್ತರು ಯಂತ್ರದ ಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ಇಟ್ಕೊ. ಮೈಬೂಬ ಇರೂತನಕ ಇದು ನಿನಗ ಬೇಕಾಗಿದ್ದಿಲ್ಲ. ಇನ್ನ ಬೇಕಾಗತೈತಿ."