ಗಿಳಿ ಕೊಡದ ಕೊಕ್ಕು

ಕಾಡಿನ ಕಣಜ ಕಾಯುವ ಆನೆ ಗಿಳಿಯ ದನಿಗೆ ಮಾತ್ರ ತಲೆಬಾಗುತ್ತಿತ್ತು. ಬಂದವರು ಹೇಳಿದ ಹೆಸರನ್ನು ಗಿಳಿ ಕೂಗಿದರೆ, ಆನೆ ಅವರ ಪಾಲಿನ ಕಾಳು ಕೊಡುತ್ತಿತ್ತು. ಒಮ್ಮೆ ಹೆಗ್ಗಣವೊಂದು ಬಂದು, “ನನ್ನ ಹೆಸರು ‘ಹೆಗ್ಗಣ, ಬಾಗಿಲು ತೆರೆದಿಟ್ಟು ಆಚೆ ಹೋಗು’” ಎಂದಿತು. ಗಿಳಿ ಅದನ್ನೇ ಕೂಗಿತು. ಆನೆ ಹಾಗೇ ಮಾಡಿತು. ಅರ್ಧ ಕಣಜ ಬರಿದಾಯಿತು. ಗಿಳಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಹೆಗ್ಗಣ ಮತ್ತೆ ಬಂದು ಅದೇ ಹೆಸರು ಹೇಳಿತು.

“ನಿನ್ನ ಹೆಸರು ನೀನೇ ಕೂಗು” ಎಂದ ಗಿಳಿ ಆನೆಯತ್ತ ತಿರುಗಿತು. “ಅವನ ದನಿಯಲ್ಲಿ ಏನೇ ಬಂದರೂ ಅದು ಬರೀ ಹೆಸರು, ಅಪ್ಪಣೆಯಲ್ಲ.”

ಹೆಗ್ಗಣ ಗಂಟಲು ಹರಿಯುವಂತೆ ಕೂಗಿತು.

“ಆ ಹೆಸರಿನವರಿಗೆ ಇಲ್ಲಿ ಪಾಲಿಲ್ಲ” ಎಂದ ಆನೆ ಕದಲಲಿಲ್ಲ.

“ಹೇಳಿಕೊಟ್ಟದ್ದನ್ನು ಹೇಳದ ನೀನೆಂಥ ಗಿಳಿ!” ಎಂದು ಹೆಗ್ಗಣ ಹಂಗಿಸಿತು.

“ಗಿಳಿಯೇ ಹೌದು. ಆದರೆ ಈ ಕೊಕ್ಕು ನನ್ನದು. ಬಾಡಿಗೆಗಿಲ್ಲ, ನಡಿ ಆಚೆ!”